ಬ್ಯಾಟರಿಗೆ ನೀರು ಹಾಕುವ ಮುನ್ನ



ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಹಸಿರು ಮೇವು ಇವುಗಳ ಬಗ್ಗೆ ಬರೆಯಬೇಕಾದ ಪಶುವೈದ್ಯರು ಬ್ಯಾಟರಿಯ ಬಗ್ಗೆ ಏಕೆ ಬರೆಯುತ್ತಿದ್ದಾರೆ ಎಂದು ನಿಮಗೆ ಅನ್ನಿಸಬಹುದು. ಅದಕ್ಕೆ ಕಾರಣವಿದೆ. ಟ್ರ್ಯಾಕ್ಟರ್, ಕಾರು, ಕ್ಯಾನ್ ಸಾಗಿಸುವ ಗೂಡ್ಸ್ ಆಟೋ, ಮನೆಯ ಇನ್ವರ್ಟರ್, ಕೊಟ್ಟಿಗೆಯ ಸೋಲಾರ್ ದೀಪ ಹೀಗೆ ಒಂದಲ್ಲ ಒಂದು ರೂಪದಲ್ಲಿ ಬ್ಯಾಟರಿ ಈಗ ಹಾಲು ಉತ್ಪಾದಕರ ಮನೆ ಸೇರಿದೆ. ಸಂಘದಲ್ಲಿ ಕರೆಂಟ್ ಹೋದಾಗ ತೂಕದ ಯಂತ್ರ, ಹಾಲು ಪರೀಕ್ಷಾ ಯಂತ್ರ, ಕಂಪ್ಯೂಟರ್ ನಡೆಯುವುದೂ ಬ್ಯಾಟರಿಯಿಂದಲೇ. ಇವುಗಳಿಗೆ ನೀರು ಹಾಕುವ ಕೆಲಸ ಬಹುತೇಕ ಮನೆಗಳಲ್ಲಿ ನಡೆಯುವುದು ಅಂಗಳದಲ್ಲಿ, ಅಂದರೆ ಕೊಟ್ಟಿಗೆಯ ಪಕ್ಕದಲ್ಲಿ. ಸರಿಯಾಗಿ ಮಾಡಿದರೆ ಹತ್ತು ನಿಮಿಷದ ಕೆಲಸ. ಅಜಾಗರೂಕತೆಯಿಂದ ಮಾಡಿದರೆ ಮಾಡುವವರ ಕಣ್ಣು ಹೋಗಬಹುದು, ಕಟ್ಟಿದ ಕರು ಸಾಯಬಹುದು. ಮೊದಲನೆಯದನ್ನು ಮೆಕ್ಯಾನಿಕ್ ಹೇಳಿಯಾನು. ಎರಡನೆಯದನ್ನು ನಾವೇ ಹೇಳಬೇಕು.

ಒಳಗೆ ಇರುವುದೇನು?

12 ವೋಲ್ಟ್‌ನ ಬ್ಯಾಟರಿಯಲ್ಲಿ ಆರು ಸೆಲ್‌ಗಳಿರುತ್ತವೆ. ಒಂದೊಂದರಿಂದ ಸುಮಾರು ಎರಡು ವೋಲ್ಟ್ ಬರುತ್ತದೆ. ಪ್ರತಿ ಸೆಲ್‌ನಲ್ಲಿ ಸೀಸದ ಪ್ಲೇಟುಗಳು ನಿಂತಿದ್ದು, ಅವು ನೀರು ಬೆರೆಸಿದ ಸಲ್ಫ್ಯೂರಿಕ್ ಆಮ್ಲದಲ್ಲಿ ಮುಳುಗಿರುತ್ತವೆ. 1859ರಲ್ಲಿ ಫ್ರಾನ್ಸ್ ದೇಶದ ವಿಜ್ಞಾನಿ ಪ್ಲಾಂಟೆ ಕಂಡುಹಿಡಿದ ವಿಧಾನವೇ ಸುಧಾರಣೆಗಳೊಂದಿಗೆ ಇಂದಿಗೂ ನಡೆದು ಬಂದಿದೆ. ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸೀಸವೇ ಎಂಬುದನ್ನು ನೆನಪಿನಲ್ಲಿಡಿ. ಮುಂದೆ ಇದು ಬೇಕಾಗುತ್ತದೆ.

ಬ್ಯಾಟರಿ ಚಾರ್ಜ್ ಆಗುವಾಗ, ಅದರಲ್ಲೂ ಚಾರ್ಜ್ ತುಂಬುತ್ತ ಬಂದಂತೆ, ಒಳಗಿನ ನೀರಿನ ಸ್ವಲ್ಪ ಭಾಗ ಜಲಜನಕ ಮತ್ತು ಆಮ್ಲಜನಕ ಎಂಬ ಎರಡು ಅನಿಲಗಳಾಗಿ ಒಡೆದು ಮುಚ್ಚಳದ ಸಣ್ಣ ರಂಧ್ರದಿಂದ ಹೊರಹೋಗುತ್ತದೆ. ಬಿಸಿಲಿಗೆ ಸ್ವಲ್ಪ ನೀರು ಆವಿಯಾಗುತ್ತದೆ. ಆಮ್ಲ ಮಾತ್ರ ಹಾಗೆ ಹೋಗುವುದಿಲ್ಲ, ಒಳಗೇ ಉಳಿಯುತ್ತದೆ. ಆದ್ದರಿಂದ ಮಟ್ಟ ಇಳಿದಿದೆ ಎಂದರೆ ಇಳಿದಿರುವುದು ನೀರು. ನಾವು ತುಂಬಬೇಕಾದದ್ದೂ ನೀರನ್ನೇ. “ಬ್ಯಾಟರಿ ವೀಕ್ ಆಗಿದೆ, ಸ್ವಲ್ಪ ಆಸಿಡ್ ಹಾಕಿ ನೋಡೋಣ” ಎನ್ನುವವರು ಎಲ್ಲ ಊರಿನಲ್ಲೂ ಇದ್ದಾರೆ. ಆ ಮಾತಿಗೆ ಕಿವಿಗೊಡಬೇಡಿ. ಆಮ್ಲದ ಸಾಂದ್ರತೆ ಹೆಚ್ಚಾದರೆ ಅದು ಪ್ಲೇಟುಗಳನ್ನೇ ತಿನ್ನುತ್ತದೆ. ಬ್ಯಾಟರಿ ಉರುಳಿ ಆಮ್ಲ ಚೆಲ್ಲಿಹೋದ ಪ್ರಸಂಗ ಬೇರೆ. ಆಗ ಬ್ಯಾಟರಿ ಅಂಗಡಿಯವರೇ ಅಳತೆ ನೋಡಿ ಆಮ್ಲ ತುಂಬಿಕೊಡಬೇಕು.

ಸಂಘದ ಹಾಲು ಪರೀಕ್ಷಕರಿಗೆ ಇಲ್ಲಿ ಒಂದು ವಿಶೇಷ ಎಚ್ಚರಿಕೆ. ಗರ್ಬರ್ ವಿಧಾನದಲ್ಲಿ ಕೊಬ್ಬಿನಂಶ ಪರೀಕ್ಷಿಸಲು ಬಳಸುವ ಆಮ್ಲವೂ ಸಲ್ಫ್ಯೂರಿಕ್ ಆಮ್ಲವೇ. ಆದರೆ ಅದರ ಸಾಂದ್ರತೆ ಸುಮಾರು 1.81. ಬ್ಯಾಟರಿಯೊಳಗಿನದು ಸುಮಾರು 1.25 ಮಾತ್ರ. ಹೆಸರು ಒಂದೇ ಎಂದು ಗರ್ಬರ್ ಆಮ್ಲವನ್ನು ಬ್ಯಾಟರಿಗೆ ಸುರಿದರೆ ಅದು ಒಮ್ಮೆಲೇ ಕುದಿದು ಮುಖಕ್ಕೆ ಸಿಡಿಯುತ್ತದೆ. ಪರೀಕ್ಷಾ ಕೊಠಡಿಯಲ್ಲಿ ಆಮ್ಲದ ಬಾಟಲಿ ಮತ್ತು ಬ್ಯಾಟರಿ ನೀರಿನ ಕ್ಯಾನ್ ಒಂದೇ ಕಪಾಟಿನಲ್ಲಿ ಇರಲೇಕೂಡದು.

ಯಾವ ನೀರು?

ಅಂಗಡಿಯಲ್ಲಿ ‘ಡಿಸ್ಟಿಲ್ಡ್ ವಾಟರ್’ ಅಥವಾ ‘ಬ್ಯಾಟರಿ ವಾಟರ್’ ಎಂದು ಕೇಳಿದರೆ ಕೊಡುವ ಶುದ್ಧ ನೀರನ್ನಷ್ಟೇ ಹಾಕಬೇಕು. ಬೇರೆ ಯಾವ ನೀರೂ ಆಗದು. ನಮ್ಮ ಬಯಲುಸೀಮೆಯ ಕೊಳವೆಬಾವಿ ನೀರು ಎಷ್ಟು ಗಡುಸು ಎಂಬುದು ನಿಮಗೆ ತಿಳಿದೇ ಇದೆ. ನೀರು ಕಾಯಿಸುವ ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಗಾರೆ ನೋಡಿದರೆ ಸಾಕು. ಆ ನೀರಿನಲ್ಲಿರುವ ಸುಣ್ಣ, ಕಬ್ಬಿಣ, ಕ್ಲೋರೈಡ್ ಅಂಶಗಳು ಪ್ಲೇಟುಗಳನ್ನು ಕೆಡಿಸುತ್ತವೆ. ಕಾಯಿಸಿ ಆರಿಸಿದರೂ ಲವಣ ಹೋಗುವುದಿಲ್ಲ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಕ್ಯಾನಿನ ನೀರು ಕುಡಿಯಲು ಸರಿ, ಬ್ಯಾಟರಿಗೆ ಸರಿಯಲ್ಲ. ಅದರಲ್ಲೂ ಸ್ವಲ್ಪ ಲವಣ ಉಳಿದಿರುತ್ತದೆ. ಮಳೆ ನೀರಂತೂ ಸೂರಿನ ಮೇಲಿನ ಧೂಳನ್ನೆಲ್ಲ ಹೊತ್ತು ತರುತ್ತದೆ. ಬ್ಯಾಟರಿ ವಾಟರ್‌ಗೆ ಖರ್ಚಾಗುವ ಹಣವನ್ನು ಹೊಸ ಬ್ಯಾಟರಿಯ ಬೆಲೆಯ ಪಕ್ಕದಲ್ಲಿಟ್ಟು ನೋಡಿ, ಉಳಿತಾಯ ಯಾವುದೆಂದು ನಿಮಗೇ ತಿಳಿಯುತ್ತದೆ.

ಕ್ಯಾನಿನ ಮುಚ್ಚಳವನ್ನು ಭದ್ರವಾಗಿ ಮುಚ್ಚಿಡಬೇಕು. ಸುರಿಯಲು ಪ್ಲಾಸ್ಟಿಕ್ ಆಲಿಕೆ ಅಥವಾ ಪ್ಲಾಸ್ಟಿಕ್ ಸೀಸೆ ಬಳಸಿ, ಲೋಹದ ಆಲಿಕೆ ಬೇಡ. ಹಾಲಿಗೆ ಬಳಸುವ ಆಲಿಕೆ, ಲೋಟ, ಸೋಸುವ ಬಟ್ಟೆಗಳನ್ನು ಈ ಕೆಲಸಕ್ಕೆ ಮುಟ್ಟಲೇಬಾರದು.

ಪರೀಕ್ಷಿಸುವ ಕ್ರಮ

ಟ್ರ್ಯಾಕ್ಟರ್ ಮತ್ತು ಕಾರಿನ ಬ್ಯಾಟರಿಯನ್ನು ತಿಂಗಳಿಗೊಮ್ಮೆ, ಮಾರ್ಚಿನಿಂದ ಮೇ ತನಕ ಹದಿನೈದು ದಿನಕ್ಕೊಮ್ಮೆ ನೋಡಿ. ಇನ್ವರ್ಟರ್ ಬ್ಯಾಟರಿಯನ್ನು ಎರಡು ತಿಂಗಳಿಗೊಮ್ಮೆ ನೋಡಿದರೆ ಸಾಮಾನ್ಯವಾಗಿ ಸಾಕು. ಕರೆಂಟ್ ಹೆಚ್ಚು ಹೋಗುವ ಬೇಸಿಗೆಯಲ್ಲಿ ಅದನ್ನೂ ತಿಂಗಳಿಗೊಮ್ಮೆ ನೋಡಿ. ಸಂಘದ ಬ್ಯಾಟರಿಗೆ ಒಂದು ತಾರೀಖು ಗೊತ್ತುಮಾಡಿ ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳುವುದು ಒಳ್ಳೆಯದು. ಎಲ್ಲರ ಬ್ಯಾಟರಿ ಎಂದರೆ ಯಾರೂ ನೋಡದ ಬ್ಯಾಟರಿ ಎಂದೇ ಅರ್ಥ.

ಮುಚ್ಚಳ ತೆಗೆಯುವ ಮುನ್ನ ಎಂಜಿನ್ ನಿಲ್ಲಿಸಿ. ಇನ್ವರ್ಟರ್ ಆದರೆ ಅದನ್ನೂ ಕರೆಂಟಿನ ಸ್ವಿಚ್ಚನ್ನೂ ಆಫ್ ಮಾಡಿ. ಉಂಗುರ, ಕೈಗಡಿಯಾರ, ಲೋಹದ ಬಳೆ ತೆಗೆದಿಡಿ. ಬಗ್ಗಿದಾಗ ಕೊರಳಿನ ಸರ ಜೋತುಬಿದ್ದು ಎರಡೂ ಟರ್ಮಿನಲ್‌ಗಳಿಗೆ ತಗುಲಿದರೆ ಕ್ಷಣಾರ್ಧದಲ್ಲಿ ಕೆಂಪಗೆ ಕಾಯುತ್ತದೆ. ಆದ್ದರಿಂದ ಸರವನ್ನು ತೆಗೆದಿಡಿ, ತೆಗೆಯಲಾಗದಿದ್ದರೆ ರವಿಕೆಯ ಅಥವಾ ಅಂಗಿಯ ಒಳಗೆ ಸೇರಿಸಿಕೊಳ್ಳಿ. ಕೈಗೆ ರಬ್ಬರ್ ಗವಸು, ಕಣ್ಣಿಗೆ ಕನ್ನಡಕ ಇರಲಿ. ವಿಶೇಷ ಕನ್ನಡಕ ಸಿಗದಿದ್ದರೆ ಗಾಡಿ ಓಡಿಸುವಾಗ ಹಾಕುವ ದೊಡ್ಡ ಕನ್ನಡಕ, ಅದೂ ಇಲ್ಲದಿದ್ದರೆ ಗಾಜು ಇಳಿಸಿದ ಹೆಲ್ಮೆಟ್. ನೋಡಿದವರು ನಕ್ಕರೆ ನಗಲಿ. ಒಂದು ಬಕೆಟ್ ಶುದ್ಧ ನೀರು ಕೈಗೆ ಸಿಗುವಂತೆ ಪಕ್ಕದಲ್ಲೇ ಇರಬೇಕು.

ಬೆಂಕಿಯ ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಕತ್ತಲಲ್ಲಿ ಸೆಲ್‌ನ ಒಳಗೆ ನೀರು ಕಾಣಿಸುವುದಿಲ್ಲ ಎಂದು ಬೆಂಕಿಕಡ್ಡಿ ಗೀರಿ ನೋಡುವ ಅಭ್ಯಾಸ ಇನ್ನೂ ಪೂರ್ತಿ ಹೋಗಿಲ್ಲ. ಬೀಡಿ ಬಾಯಲ್ಲಿಟ್ಟುಕೊಂಡೇ ಮುಚ್ಚಳ ತಿರುಗಿಸುವವರೂ ಇದ್ದಾರೆ. ಗಾಳಿಯಲ್ಲಿ ಜಲಜನಕ ನೂರಕ್ಕೆ ನಾಲ್ಕು ಪಾಲು ಸೇರಿದರೆ ಸಾಕು, ಕಿಡಿ ತಾಗಿದೊಡನೆ ಸ್ಫೋಟಿಸುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮುನ್ಸೂಚನೆಯೂ ಇಲ್ಲ. ಸ್ಫೋಟದಲ್ಲಿ ಬ್ಯಾಟರಿಯ ಮೇಲ್ಭಾಗ ಒಡೆದು ಆಮ್ಲ ನೇರವಾಗಿ ಬಗ್ಗಿ ನೋಡುತ್ತಿರುವವರ ಮುಖಕ್ಕೆ ಹಾರುತ್ತದೆ. ಟಾರ್ಚ್ ಬಳಸಿ, ಅದನ್ನೂ ಮುಚ್ಚಳ ತೆಗೆಯುವ ಮೊದಲೇ ಹೊತ್ತಿಸಿಕೊಳ್ಳಿ. ಸಾಧ್ಯವಾದಷ್ಟು ಹಗಲಲ್ಲೇ, ಗಾಳಿಯಾಡುವ ಕಡೆಯೇ ಕೆಲಸ ಮುಗಿಸಿ. ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಮೇಜಿನ ಕೆಳಗೆ ಸಂಘದ ಬ್ಯಾಟರಿ ಇಟ್ಟಿದ್ದರೆ ದಯವಿಟ್ಟು ಸ್ಥಳ ಬದಲಿಸಿ. ಅದರ ಹತ್ತಿರ ಊದುಬತ್ತಿ ಹಚ್ಚುವುದನ್ನೂ ಬಿಡಿ. ಯಂತ್ರಕ್ಕೆ ಆಯುಧಪೂಜೆ ಮಾಡುವ ದಿನ ಬತ್ತಿ ದೂರದಲ್ಲಿರಲಿ.

ಮೊದಲು ಬ್ಯಾಟರಿಯ ಮೇಲ್ಭಾಗವನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು, ಇಲ್ಲದಿದ್ದರೆ ಧೂಳೆಲ್ಲ ಸೆಲ್‌ಗೆ ಬೀಳುತ್ತದೆ. ಆ ಬಟ್ಟೆಯನ್ನು ಮತ್ತೆ ಬೇರೆ ಯಾವುದಕ್ಕೂ ಬಳಸಬೇಡಿ. ಮುಚ್ಚಳಗಳನ್ನು ನಿಧಾನವಾಗಿ ತಿರುಗಿಸಿ ತೆಗೆದು, ಅವುಗಳ ರಂಧ್ರ ಕಟ್ಟಿದೆಯೇ ನೋಡಿ. ರಂಧ್ರ ಕಟ್ಟಿದರೆ ಅನಿಲ ಒಳಗೇ ನಿಲ್ಲುತ್ತದೆ. ಬ್ಯಾಟರಿಯ ಹೊರಮೈಯಲ್ಲಿ ಮೇಲಿನ ಗೆರೆ, ಕೆಳಗಿನ ಗೆರೆ ಎಂದು ಎರಡು ಗುರುತುಗಳಿದ್ದರೆ ಮಟ್ಟ ಅವೆರಡರ ನಡುವೆ ಇರಬೇಕು. ಗೆರೆ ಇಲ್ಲದಿದ್ದರೆ ಪ್ಲೇಟುಗಳ ಮೇಲೆ 10ರಿಂದ 15 ಮಿಲಿಮೀಟರ್ ನೀರು ನಿಂತಿರಬೇಕು, ಹೆಚ್ಚುಕಡಿಮೆ ಕಿರುಬೆರಳಿನ ದಪ್ಪದಷ್ಟು. ಅಳೆಯಲು ಬೆರಳು ಹಾಕಬೇಡಿ, ಕಣ್ಣಂದಾಜು ಸಾಕು. ಆರೂ ಸೆಲ್‌ಗಳನ್ನು ಒಂದೊಂದಾಗಿ ನೋಡಬೇಕು. ಮೊದಲನೆಯದು ತುಂಬಿದೆ ಎಂದು ಉಳಿದವು ತುಂಬಿವೆ ಎಂದುಕೊಳ್ಳಬಾರದು.

ನೀರು ತುಂಬುವ ಸರಿಯಾದ ಸಮಯ ಬ್ಯಾಟರಿ ಚಾರ್ಜ್ ಆಗಿ ಸ್ವಲ್ಪ ತಣ್ಣಗಾದ ಮೇಲೆ. ಚಾರ್ಜ್ ಆಗುವಾಗ ದ್ರವ ಬಿಸಿಯಾಗಿ ಹಿಗ್ಗುತ್ತದೆ. ಮೊದಲೇ ಕಂಠಪೂರ್ತಿ ತುಂಬಿದ್ದರೆ ಆಮ್ಲ ಉಕ್ಕಿ ಹೊರಬರುತ್ತದೆ, ತಂತಿ ಕೊರೆಯುತ್ತದೆ, ಬ್ಯಾಟರಿ ಇಟ್ಟ ಕಬ್ಬಿಣದ ತಟ್ಟೆ ತುಕ್ಕು ಹಿಡಿಯುತ್ತದೆ. ಆದರೆ ಪ್ಲೇಟುಗಳೇ ಹೊರಗೆ ಕಾಣುವಷ್ಟು ನೀರು ಇಳಿದಿದ್ದರೆ ಹಾಗೆಯೇ ಚಾರ್ಜ್‌ಗೆ ಹಾಕಬೇಡಿ. ಪ್ಲೇಟು ಮುಳುಗುವಷ್ಟು ಮಾತ್ರ ಹಾಕಿ, ಚಾರ್ಜ್ ಮಾಡಿ, ಆಮೇಲೆ ಗೆರೆಯವರೆಗೆ ತುಂಬಿಸಿ. ಗಾಳಿಗೆ ಒಡ್ಡಿಕೊಂಡ ಪ್ಲೇಟು ಬಿಳಿಚಿಕೊಂಡು ಗಟ್ಟಿಯಾದರೆ ಅದರ ಶಕ್ತಿ ಮರಳಿ ಬರುವುದಿಲ್ಲ, ಬತ್ತಿಹೋದ ಮೊಲೆಯಿದ್ದಂತೆ.

ನೀರು ಎಲ್ಲಿ ಖರ್ಚಾಗುತ್ತಿದೆ ಎಂಬುದನ್ನೂ ಗಮನಿಸಬೇಕು. ಒಂದೇ ಸೆಲ್‌ನಲ್ಲಿ ಪದೇ ಪದೇ ನೀರು ಕಡಿಮೆಯಾದರೆ ಆ ಸೆಲ್ ಕೆಟ್ಟಿದೆ ಅಥವಾ ಡಬ್ಬ ಬಿರುಕು ಬಿಟ್ಟಿದೆ. ಆರರಲ್ಲೂ ಬೇಗ ಬೇಗ ಕಡಿಮೆಯಾದರೆ ಬ್ಯಾಟರಿಗೆ ಅತಿಯಾಗಿ ಚಾರ್ಜ್ ಆಗುತ್ತಿದೆ. ಎಂಜಿನ್ ಓಡುವಾಗ ಮೀಟರ್ ಹಿಡಿದು ನೋಡಿದರೆ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ತೋರಿಸಬೇಕು. 15ರ ಆಸುಪಾಸು ಇದ್ದರೆ ದೋಷ ಬ್ಯಾಟರಿಯದಲ್ಲ, ಚಾರ್ಜ್ ಮಾಡುವ ಭಾಗದ್ದು. ಅದನ್ನು ರಿಪೇರಿ ಮಾಡಿಸದೆ ನೀರು ಸುರಿಯುತ್ತ ಹೋದರೆ ಪ್ರಯೋಜನವಿಲ್ಲ.

ಹಾಲಿಗೆ ಲ್ಯಾಕ್ಟೋಮೀಟರ್ ಹೇಗೋ ಬ್ಯಾಟರಿಗೆ ಹೈಡ್ರೋಮೀಟರ್ ಹಾಗೆ. ಹಾಲಿನಲ್ಲಿ 28 ಎಂದರೆ 1.028 ಸಾಂದ್ರತೆ ಎಂದು ನಿಮಗೆ ಗೊತ್ತು. ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದರೆ ತಯಾರಕರ ಲೆಕ್ಕಕ್ಕೆ ತಕ್ಕಂತೆ 1.240ರಿಂದ 1.280ರ ಒಳಗೆ ಬರುತ್ತದೆ. 1.150ಕ್ಕೆ ಇಳಿದಿದ್ದರೆ ಬ್ಯಾಟರಿ ಖಾಲಿಯಾಗಿದೆ ಎಂದರ್ಥ. ಹೊಸದಾಗಿ ನೀರು ಹಾಕಿದ ಕೂಡಲೇ ಅಳೆಯಬೇಡಿ, ಮೇಲೆ ನಿಂತ ನೀರು ಬೆರೆತಿರುವುದಿಲ್ಲ. ಲ್ಯಾಕ್ಟೋಮೀಟರನ್ನೇ ಬ್ಯಾಟರಿಗೆ ಇಳಿಸುವ ಪ್ರಯೋಗ ಯಾರೂ ಮಾಡಬೇಡಿ. ಅದು ಆ ಅಳತೆ ತೋರಿಸುವುದೂ ಇಲ್ಲ, ಮತ್ತೆ ಹಾಲಿಗೆ ಇಳಿಸಲೂ ಬಾರದು.

ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ, ನೆಗೆಟಿವ್ ತಂತಿಯನ್ನು ಮೊದಲು ಬಿಚ್ಚಿ, ನಂತರ ಪಾಸಿಟಿವ್ ಬಿಚ್ಚಿ. ಜೋಡಿಸುವಾಗ ನೆಗೆಟಿವ್ ಕೊನೆಗೆ. ಮುಚ್ಚಳಗಳನ್ನು ಬಿಗಿಯಾಗಿ ಹಾಕಿದ ಮೇಲೆ ಅಡಿಗೆ ಸೋಡಾ ಕಲಸಿದ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಶ್ ಅದ್ದಿ ಉಜ್ಜಬೇಕು. ಸೋಡಾ ಸೆಲ್‌ನೊಳಗೆ ಹೋಗಬಾರದು. ಒರೆಸಿ, ತಂತಿ ಜೋಡಿಸಿ, ಮೇಲೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಹಚ್ಚಿದರೆ ಸಾಕು. ಆ ಪುಡಿಯಲ್ಲೂ ಸೀಸವಿರುತ್ತದೆ, ಬರಿಗೈಯಲ್ಲಿ ಕೆರೆಯಬೇಡಿ. ಮುಚ್ಚಳವೇ ಇಲ್ಲದ ‘ಮೇಂಟೆನೆನ್ಸ್ ಫ್ರೀ’ ಬ್ಯಾಟರಿಗಳಿಗೆ ಮತ್ತು ಎಲೆಕ್ಟ್ರಿಕ್ ಸ್ಕೂಟರಿನ ಲಿಥಿಯಂ ಬ್ಯಾಟರಿಗಳಿಗೆ ನೀರು ಹಾಕುವ ಪ್ರಶ್ನೆಯೇ ಇಲ್ಲ. ಅವನ್ನು ತೆರೆಯಲು ಹೋಗಬಾರದು.

ಆಮ್ಲ ಸಿಡಿದರೆ

ಕಣ್ಣಿಗೆ ಬಿದ್ದರೆ ಒಂದು ಕ್ಷಣವೂ ತಡಮಾಡದೆ ಶುದ್ಧ ನೀರಿನಿಂದ ತೊಳೆಯಲು ಆರಂಭಿಸಿ. ರೆಪ್ಪೆಗಳನ್ನು ಬೆರಳಿನಿಂದ ಅಗಲಿಸಿ ಹಿಡಿದು ಕನಿಷ್ಠ 15ರಿಂದ 20 ನಿಮಿಷ ಸತತವಾಗಿ ನೀರು ಹಾಯಿಸಬೇಕು. ಗಡಿಯಾರ ನೋಡಿಕೊಂಡೇ ತೊಳೆಯಿರಿ, ಏಕೆಂದರೆ ನೋವಿನಲ್ಲಿ ಎರಡು ನಿಮಿಷವೇ ಇಪ್ಪತ್ತು ನಿಮಿಷವೆನಿಸುತ್ತದೆ. ಎದೆಹಾಲು, ಹಸುವಿನ ಹಾಲು, ಹರಳೆಣ್ಣೆ, ಬೆಣ್ಣೆ ಏನನ್ನೂ ಹಾಕಬೇಡಿ. ಆಮ್ಲಕ್ಕೆ ಸೋಡಾ ಪರಿಹಾರ ಎಂದು ಕಣ್ಣಿಗೆ ಸೋಡಾ ನೀರು ಹಾಕುವುದಂತೂ ಕೂಡದು. ತೊಳೆದ ಮೇಲೆ ನೋವು ಕಡಿಮೆಯಾಗಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಮೈಗೆ ಬಿದ್ದರೆ ಬಟ್ಟೆ ಕಳಚಿ ಧಾರಾಳವಾಗಿ ನೀರು ಸುರಿಯಿರಿ. ಮಕ್ಕಳು ಕುಡಿದುಬಿಟ್ಟರೆ ವಾಂತಿ ಮಾಡಿಸಬಾರದು, ಬಾಯಿ ತೊಳೆಸಿ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ದನದ ಮೈಗೆ ಸಿಡಿದರೂ ನೀರೇ ಮೊದಲ ಚಿಕಿತ್ಸೆ.

ನೆಲಕ್ಕೆ ಚೆಲ್ಲಿದ ಆಮ್ಲದ ಮೇಲೆ ಸೋಡಾ ಅಥವಾ ಸುಣ್ಣದ ಪುಡಿ ಉದುರಿಸಿ, ನೊರೆ ನಿಂತ ಮೇಲೆ ಆ ಮಣ್ಣನ್ನು ಗವಸು ಹಾಕಿದ ಕೈಯಿಂದ ಬಾಚಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಬೇಕು. ತಿಪ್ಪೆಗೆ ಎಸೆಯಬೇಡಿ. ಬ್ಯಾಟರಿಯ ಆಮ್ಲದಲ್ಲಿ ಸೀಸದ ಅಂಶವೂ ಇರುತ್ತದೆ. ತಿಪ್ಪೆಯಿಂದ ಗೊಬ್ಬರ, ಗೊಬ್ಬರದಿಂದ ಮೇವಿನ ಹೊಲ, ಹೊಲದಿಂದ ಗೋದಲಿ ಎಂಬ ದಾರಿಯನ್ನು ನೀವೇ ಊಹಿಸಿಕೊಳ್ಳಿ.

ಹಸುವಿನ ನಾಲಿಗೆ ಮತ್ತು ಸೀಸ

ಈಗ ನಮ್ಮ ವಿಷಯಕ್ಕೆ ಬರೋಣ. ಸತ್ತ ಬ್ಯಾಟರಿಯನ್ನು ನಮ್ಮ ರೈತರು ಬಿಸಾಡುವುದಿಲ್ಲ. ಗುಜರಿಯವನು ಬಂದಾಗ ಕೊಡೋಣ ಎಂದು ಕೊಟ್ಟಿಗೆಯ ಮೂಲೆಯಲ್ಲೋ ಹುಲ್ಲಿನ ಬಣವೆಯ ಬುಡದಲ್ಲೋ ಇಡುತ್ತಾರೆ. ಅದು ಬಿಸಿಲಿಗೆ ಬಿರಿಯುತ್ತದೆ, ಟ್ರ್ಯಾಕ್ಟರ್ ಚಕ್ರಕ್ಕೆ ಸಿಕ್ಕಿ ಒಡೆಯುತ್ತದೆ. ಒಳಗಿನ ಬೂದು ಬಣ್ಣದ ಪ್ಲೇಟುಗಳು, ಕಂದು ಪುಡಿ ಹೊರಬೀಳುತ್ತವೆ. ಕರುಗಳಿಗೆ ಹೊಸದೇನು ಕಂಡರೂ ನೆಕ್ಕುವ ಚಪಲ. ಮೇವಿನಲ್ಲಿ ರಂಜಕದ ಕೊರತೆ ಇರುವ ಹಸುಗಳಂತೂ ಮಣ್ಣು, ಮೂಳೆ, ಬಟ್ಟೆ ಎಲ್ಲವನ್ನೂ ಅಗಿಯುತ್ತವೆ. ಮೇಕೆಯ ಹಾಗೆ ತುಟಿಯಲ್ಲಿ ಆರಿಸಿ ತಿನ್ನುವ ಗುಣ ಹಸುವಿಗಿಲ್ಲ. ನಾಲಿಗೆಗೆ ಸಿಕ್ಕಿದ್ದು ಹೊಟ್ಟೆಗೆ.

ದೇಹತೂಕದ ಪ್ರತಿ ಕಿಲೋಗೆ 400 ಮಿಲಿಗ್ರಾಂ ಸೀಸ ಕರುವನ್ನು ಕೊಲ್ಲಬಲ್ಲದು. 50 ಕಿಲೋ ತೂಗುವ ಕರುವಿಗೆ ಇದು 20 ಗ್ರಾಂ ಆಯಿತು. ಒಂದು ಕಾರಿನ ಬ್ಯಾಟರಿಯಲ್ಲಿ ಸೀಸ ಇರುವುದು ಕಿಲೋಗಟ್ಟಲೆ. ದೊಡ್ಡ ಹಸು ಸ್ವಲ್ಪ ಹೆಚ್ಚು ತಡೆದೀತು, ಆದರೆ ದಿನವೂ ಸ್ವಲ್ಪ ಸ್ವಲ್ಪ ನೆಕ್ಕಿದರೂ ವಿಷ ಸೇರುತ್ತದೆ. ನುಂಗಿದ ಚೂರು ಭಾರದಿಂದ ಎರಡನೆಯ ಹೊಟ್ಟೆಯ ತಳದಲ್ಲಿ ಕುಳಿತು, ಹೊಟ್ಟೆಯ ಹುಳಿಗೆ ವಾರಗಟ್ಟಲೆ ಕರಗುತ್ತ ರಕ್ತಕ್ಕೆ ಇಳಿಯುತ್ತದೆ. ಮೊಳೆ ತಂತಿ ನುಂಗಿದ ಹಸುವಿಗೆ ಅಯಸ್ಕಾಂತ ನುಂಗಿಸುವುದನ್ನು ಕೆಲವರು ಕೇಳಿರಬಹುದು. ಸೀಸವನ್ನು ಅಯಸ್ಕಾಂತ ಹಿಡಿಯುವುದಿಲ್ಲ.

ಲಕ್ಷಣಗಳು ಹೆಚ್ಚಾಗಿ ಮೆದುಳಿಗೆ ಸಂಬಂಧಿಸಿದವು. ಇದ್ದಕ್ಕಿದ್ದಂತೆ ಕಣ್ಣು ಕಾಣದಾಗಿ ಕಂಬಕ್ಕೆ, ಗೋಡೆಗೆ ಡಿಕ್ಕಿ ಹೊಡೆಯುವುದು, ತಲೆಯನ್ನು ಗೋಡೆಗೆ ಒತ್ತಿ ನಿಲ್ಲುವುದು, ಹಲ್ಲು ಕಡಿಯುವುದು, ಜೊಲ್ಲು ಸುರಿಸುವುದು, ಕಿವಿ ಮತ್ತು ರೆಪ್ಪೆಗಳ ಅದುರುವಿಕೆ, ತೂರಾಡುವುದು, ಕೊನೆಗೆ ಸೆಳವು. ಕರುಗಳಲ್ಲಿ ಇವು ಕೆಲವೇ ಗಂಟೆಗಳಲ್ಲಿ ಮುಗಿದು, ಬೆಳಿಗ್ಗೆ ಕೊಟ್ಟಿಗೆಗೆ ಹೋದಾಗ ಸತ್ತ ಕರು ಕಾಣಬಹುದು. ದೊಡ್ಡ ರಾಸು ಮೇವು ಬಿಡುತ್ತದೆ, ಮೆಲುಕು ನಿಲ್ಲಿಸುತ್ತದೆ, ಸಗಣಿ ಮೊದಲು ಗಟ್ಟಿಯಾಗಿ ಆಮೇಲೆ ಕಪ್ಪಗೆ ನೀರಾಗಿ ಹೋಗುತ್ತದೆ. ಹುಚ್ಚುನಾಯಿ ರೋಗದಲ್ಲೂ ಇಂಥದೇ ಲಕ್ಷಣಗಳಿರುವುದರಿಂದ ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಬಾಯಿಗೆ ಕೈ ಹಾಕುವ ಸಾಹಸ ಬೇಡ. ಗೊಟ್ಟದಲ್ಲಿ ಎಣ್ಣೆ, ಕಷಾಯ ಹಾಕುವುದೂ ಬೇಡ. ನುಂಗಲಾರದ ರಾಸಿನ ಶ್ವಾಸಕೋಶಕ್ಕೆ ಅದು ಇಳಿಯುತ್ತದೆ.

ಪಶುವೈದ್ಯರನ್ನು ಕರೆಸಿ, ಮೊದಲ ಮಾತಿನಲ್ಲೇ ಬ್ಯಾಟರಿಯ ವಿಷಯ ಹೇಳಿ. “ಏನು ತಿಂದಿತೋ ಗೊತ್ತಿಲ್ಲ ಸಾರ್” ಎಂದರೆ ಅಮೂಲ್ಯ ಸಮಯ ಹುಡುಕಾಟದಲ್ಲೇ ಹೋಗುತ್ತದೆ. ರಕ್ತಪರೀಕ್ಷೆಯಿಂದ ಸೀಸ ಪತ್ತೆಯಾಗುತ್ತದೆ. ರಕ್ತದಲ್ಲಿನ ಸೀಸವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುವ ಕ್ಯಾಲ್ಸಿಯಂ ಇಡಿಟಿಎ ಎಂಬ ಔಷಧಿ, ಥಯಮಿನ್ ಚುಚ್ಚುಮದ್ದು, ಹೊಟ್ಟೆಯಲ್ಲಿ ಉಳಿದದ್ದು ಕರಗದಂತೆ ಮಾಡಲು ಮೆಗ್ನೀಸಿಯಂ ಸಲ್ಫೇಟ್ ಇವೆ. ಬೇಗ ಆರಂಭಿಸಿದರೆ ಕೆಲವು ರಾಸುಗಳು ಉಳಿಯುತ್ತವೆ. ಸೆಳವು ಬಂದ ಮೇಲೆ ಉಳಿಯುವುದು ಅಪರೂಪ.

ಒಂದು ರಾಸು ನೆಕ್ಕಿದ್ದರೆ ಜೊತೆಯವೂ ನೆಕ್ಕಿರುತ್ತವೆ ಎಂದೇ ಭಾವಿಸಿ. ಚೆನ್ನಾಗಿ ಮೇಯುತ್ತಿರುವ ಹಸುವಿನ ರಕ್ತದಲ್ಲೂ ಸೀಸ ಇರಬಹುದು, ಆ ಹಾಲಿನಲ್ಲೂ ಬರಬಹುದು. ಹಾಲಿನಲ್ಲಿ ಸೀಸಕ್ಕೆ ಅಂತರರಾಷ್ಟ್ರೀಯ ಕೋಡೆಕ್ಸ್ ಮಿತಿ ಕಿಲೋಗೆ 0.02 ಮಿಲಿಗ್ರಾಂ ಮಾತ್ರ. ಸಂಘದ ಯಂತ್ರ ಕೊಬ್ಬಿನಂಶ ತೋರಿಸುತ್ತದೆ, ಸೀಸ ತೋರಿಸುವುದಿಲ್ಲ. ಕಾಯಿಸಿದರೆ ಅದು ಹೋಗುವುದೂ ಇಲ್ಲ. ಮಕ್ಕಳ ಮೆದುಳಿನ ಬೆಳವಣಿಗೆಗೆ ಸೀಸ ಅಲ್ಪ ಪ್ರಮಾಣದಲ್ಲೂ ಹಾನಿಕರ. ಆದ್ದರಿಂದ ಪಶುವೈದ್ಯರು ರಕ್ತಪರೀಕ್ಷೆ ಮಾಡಿಸಿ ಸರಿ ಎನ್ನುವವರೆಗೆ ಆ ಕೊಟ್ಟಿಗೆಯ ಹಾಲನ್ನು ಸಂಘಕ್ಕೆ ಹಾಕಬೇಡಿ, ಮನೆಯಲ್ಲೂ ಕುಡಿಯಬೇಡಿ, ಕರುವಿಗೂ ಬಿಡಬೇಡಿ. ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕಾಗಬಹುದು. ಹಾಲಿನ ಬಟವಾಡೆ ನಿಂತರೆ ಮನೆ ನಡೆಯುವುದು ಎಷ್ಟು ಕಷ್ಟ ಎಂಬುದು ನಮಗೂ ಗೊತ್ತಿದೆ. ಅದಕ್ಕೇ ಹಳೆಯ ಬ್ಯಾಟರಿ ಕೊಟ್ಟಿಗೆಯ ಹತ್ತಿರ ಬರಬಾರದು ಎನ್ನುವುದು.

ಸತ್ತ ಬ್ಯಾಟರಿಯನ್ನು ನೆಟ್ಟಗೆ ನಿಲ್ಲಿಸಿ, ಹಳೆಯ ಪ್ಲಾಸ್ಟಿಕ್ ತೊಟ್ಟಿಯಲ್ಲಿಟ್ಟು, ಬೀಗ ಹಾಕುವ ಜಾಗದಲ್ಲಿ ಇಡಿ. ಹಿಂಡಿ, ಬೂಸಾ, ಖನಿಜ ಮಿಶ್ರಣದ ಚೀಲಗಳ ಪಕ್ಕ ಬೇಡ. ಖಾಲಿ ಬ್ಯಾಟರಿ ಡಬ್ಬವನ್ನು ಕತ್ತರಿಸಿ ಕಲಗಚ್ಚಿನ ಬಾನಿ ಮಾಡಿಕೊಳ್ಳಬೇಡಿ, ಎಷ್ಟು ತೊಳೆದರೂ ಅದರಲ್ಲಿ ಸೀಸ ಉಳಿದೇ ಇರುತ್ತದೆ. ಬಲೆಯ ಗುಂಡಿಗೋ ತೂಕದ ಬಟ್ಟಿಗೋ ಎಂದು ಪ್ಲೇಟುಗಳನ್ನು ಮನೆಯಲ್ಲಿ ಕರಗಿಸುವುದು ಇನ್ನೂ ಅಪಾಯಕರ. ಆ ಹೊಗೆ ಮಕ್ಕಳ ಎದೆಗೆ ಇಳಿಯುತ್ತದೆ, ಸುತ್ತಲಿನ ಹುಲ್ಲಿನ ಮೇಲೆ ಕೂರುತ್ತದೆ, ಉಳಿದ ಬೂದಿಯನ್ನು ದನ ನೆಕ್ಕುತ್ತದೆ.

ಹಳೆಯ ಬ್ಯಾಟರಿ ಮಾರಾಟಗಾರರಿಗೆ ಮರಳಬೇಕೆಂಬ ನಿಯಮ 2001ರಲ್ಲೇ ಬಂದಿತ್ತು. ಅದರ ಬದಲಿಗೆ 2022ರ ಆಗಸ್ಟ್‌ನಲ್ಲಿ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಂದಿವೆ. ಅವುಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ಬೇರೆ ಕಸದೊಂದಿಗೆ ಸೇರಿಸದೆ ಸಂಗ್ರಹಣೆ ಅಥವಾ ಮರುಬಳಕೆ ಮಾಡುವವರಿಗೆ ಒಪ್ಪಿಸುವುದು ಬಳಕೆದಾರರ ಹೊಣೆ. ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದನ್ನು ಅದೇ ಅಂಗಡಿಗೆ ಕೊಟ್ಟರೆ ಬೆಲೆಯಲ್ಲಿ ಸ್ವಲ್ಪ ಮುರಿದುಕೊಡುತ್ತಾರೆ. ಎಷ್ಟು ಮುರಿದರು ಎಂಬುದನ್ನು ರಸೀದಿಯಲ್ಲಿ ಬರೆಸಿಕೊಳ್ಳಿ. ಸಂಘದ ಬ್ಯಾಟರಿಯಾದರೆ ಆ ರಸೀದಿ ಕಾರ್ಯದರ್ಶಿಗಳ ಕಡತಕ್ಕೆ ಸೇರಬೇಕು, ಲೆಕ್ಕಪರಿಶೋಧನೆಗೂ ಬೇಕಾಗುತ್ತದೆ.